ಬೆಂಗಳೂರು, ಮ್ಯೂನಿಕ್, ಎಸ್ಪೋ: ಮೂರು ಊರಿನ ಶಾಲೆಗಳಲ್ಲಿ ನಮ್ಮ ಮಕ್ಕಳು

ಹೊರದೇಶದಲ್ಲಿ ಕೆಲಸ ಸಿಕ್ಕಿದ ಗೆಳೆಯರು ವೀಸಾ ಕೈಗೆ ಬರುವ ಮೊದಲೇ ಫೋನ್ ಮಾಡಿ ಕೇಳುತ್ತಾರೆ: ಅಲ್ಲಿ ಸ್ಕೂಲು ಹೇಗೆ? ಸಿಲಬಸ್ ಗಟ್ಟಿ ಇದೆಯಾ, ಹೋಂವರ್ಕ್ ಎಷ್ಟು, ಇಂಗ್ಲಿಷ್ ನಡೆಯುತ್ತಾ? ಮೂರು ಊರಿನ ಶಾಲೆಗಳನ್ನು ತಾಯಿಯಾಗಿ ಒಳಗಿನಿಂದ ಕಂಡ ಮೇಲೆ ನಾನು ಅವರಿಗೆ ಬೇರೆಯೇ ಪ್ರಶ್ನೆ ಹೇಳಿಕೊಡುತ್ತೇನೆ. ಆ ಊರಿನಲ್ಲಿ ಮಕ್ಕಳನ್ನು ಯಾವ ವಯಸ್ಸಿಗೆ ಬೇರೆ ಬೇರೆ ದಾರಿಗೆ ಹಚ್ಚುತ್ತಾರೆ, ಏನನ್ನು ನೋಡಿ ಹಚ್ಚುತ್ತಾರೆ? ಮೊದಲು ಇದನ್ನು ಕೇಳಿ. ಉಳಿದದ್ದೆಲ್ಲ ಆಮೇಲೆ.

ನಮ್ಮ ಮಗಳು ಬೆಂಗಳೂರಿನ ಖಾಸಗಿ ಸಿಬಿಎಸ್‌ಇ ಶಾಲೆಯೊಂದರಲ್ಲಿ ಎರಡನೇ ಕ್ಲಾಸು ಮುಗಿಸಿ ಮ್ಯೂನಿಕ್ಕಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿದಳು. ಮಗ ಓದು ಶುರು ಮಾಡಿದ್ದೇ ಅಲ್ಲಿ. ಈಗ ಇಬ್ಬರೂ ಫಿನ್‌ಲ್ಯಾಂಡಿನಲ್ಲಿ, ಹೆಲ್ಸಿಂಕಿಗೆ ಅಂಟಿಕೊಂಡ ಎಸ್ಪೋ ನಗರದ ಶಾಲೆಗೆ ಹೋಗುತ್ತಿದ್ದಾರೆ.

ಬೆಂಗಳೂರಿನಲ್ಲಿ ವಿಂಗಡಣೆ ಶಾಲೆಯ ಗೇಟು ದಾಟುವ ಮೊದಲೇ ಮುಗಿದಿತ್ತು. ಎಲ್‌ಕೆಜಿ ಸೀಟಿಗೆ ಅರ್ಜಿ, ಆಮೇಲೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ‘ಮಾತುಕತೆ’, ಕೊನೆಗೆ ಫೀಸಿನ ಪಟ್ಟಿ. ಪ್ರವೇಶಕ್ಕೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಬಾರದು, ಡೊನೇಷನ್ ಕೇಳಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಆದರೂ ನಮ್ಮ ಸಂಬಳ, ನಮ್ಮ ಇಂಗ್ಲಿಷ್, ನಮ್ಮ ಬಡಾವಣೆ ಇವೇ ಅವಳ ಶಾಲೆಯನ್ನು ಆರಿಸಿದವು. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದವರ ಮಗಳಿಗೂ ಅದೇ ವಯಸ್ಸು, ಅದೇ ಚುರುಕು. ಅವಳು ಹೋಗಿದ್ದು ಪಕ್ಕದ ರಸ್ತೆಯ ಸರ್ಕಾರಿ ಶಾಲೆಗೆ. ಇಬ್ಬರೂ ಒಂದು ದಿನವೂ ಒಂದೇ ಬೆಂಚಿನಲ್ಲಿ ಕೂರಲಿಲ್ಲ.

ಹಾಗಂತ ಆ ಶಾಲೆ ಕೊಟ್ಟದ್ದನ್ನು ನಾನು ಮರೆಯುವುದಿಲ್ಲ. ಮಗ್ಗಿ ಬಾಯಿಪಾಠ, ಬಾಯಿಲೆಕ್ಕ, ಸ್ಟೇಜ್ ಹತ್ತಿ ಮಾತಾಡುವ ಧೈರ್ಯ, ಮೂರು ನಾಲ್ಕು ಭಾಷೆಯ ಗೆಳೆಯರ ನಡುವೆ ಓಡಾಡುವ ಸಲೀಸು. ಮ್ಯೂನಿಕ್ಕಿನಲ್ಲಿ ಜರ್ಮನ್ನಿನ ಒಂದು ಅಕ್ಷರ ಬಾರದೆ ಕೂತ ದಿನಗಳಲ್ಲಿ ಅವಳ ಮರ್ಯಾದೆ ಉಳಿಸಿದ್ದು ಗಣಿತವೇ.

ಇನ್ನು ಮ್ಯೂನಿಕ್. ಮೊದಲು ಒಳ್ಳೆಯದನ್ನು ಹೇಳಬೇಕು, ಏಕೆಂದರೆ ಅದು ನಿಜಕ್ಕೂ ಒಳ್ಳೆಯದಿತ್ತು. ಫೀಸಿಲ್ಲ. ಪುಸ್ತಕ ಶಾಲೆಯದೇ, ವರ್ಷದ ಕೊನೆಗೆ ವಾಪಸ್ ಕೊಡಬೇಕು. ಆರೇಳು ವರ್ಷದ ಮಕ್ಕಳು ತಮ್ಮಷ್ಟಕ್ಕೆ ನಡೆದುಕೊಂಡು ಶಾಲೆಗೆ ಹೋಗುತ್ತಾರೆ. ನಾಲ್ಕನೇ ತರಗತಿಯಲ್ಲಿ ಪೊಲೀಸರೇ ಸೈಕಲ್ ತರಬೇತಿ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನಲ್ಲಿ ವ್ಯಾನಿನಿಂದ ಇಳಿದು ಮನೆಗೆ ಬರುವಷ್ಟೇ ಸ್ವಾತಂತ್ರ್ಯವಿದ್ದ ಮಗಳು ಅಲ್ಲಿ ಒಬ್ಬಳೇ ಲೈಬ್ರರಿಗೆ ಹೋಗಿ ಬರತೊಡಗಿದಳು.

ಆದರೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ. ನಾಲ್ಕನೇ ತರಗತಿಯ ಮೇ ತಿಂಗಳ ಆರಂಭದಲ್ಲಿ ಒಂದು ಪ್ರಮಾಣಪತ್ರ ಬರುತ್ತದೆ. ಜರ್ಮನ್, ಗಣಿತ, ಪರಿಸರ ಪಾಠ, ಈ ಮೂರರ ಸರಾಸರಿ. ಅಲ್ಲಿ 1 ಅತ್ಯುತ್ತಮ, 6 ಕನಿಷ್ಠ. 2.33 ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ಗಿಮ್ನಾಜಿಯುಮ್, ಅಂದರೆ ವಿಶ್ವವಿದ್ಯಾಲಯದ ನೇರ ದಾರಿ. 2.66ರ ತನಕ ರೆಆಲ್‌ಶೂಲೆ, ಅಂದರೆ ಹತ್ತನೇ ತರಗತಿವರೆಗಿನ ನಡುವಿನ ದಾರಿ. ಅದಕ್ಕೂ ಆಚೆಗಿನವರಿಗೆ ಹೆಚ್ಚಾಗಿ ಕೈಕಸುಬಿನ ಕಡೆಗೆ ಹೋಗುವ ಮಿಟ್ಟೆಲ್‌ಶೂಲೆ. ಮಗುವಿಗೆ ಆಗ ಹತ್ತು ವರ್ಷ! ಜರ್ಮನಿಯ ಹಲವು ರಾಜ್ಯಗಳಲ್ಲಿ ಕೊನೆಯ ತೀರ್ಮಾನ ಅಪ್ಪ ಅಮ್ಮನದು. ಬವೇರಿಯಾದಲ್ಲಿ ಹಾಗಲ್ಲ. ಒಪ್ಪದಿದ್ದರೆ ಮಗು ಮೂರು ದಿನದ ಪ್ರಾಯೋಗಿಕ ತರಗತಿಯಲ್ಲಿ ಕೂತು ತನ್ನ ಯೋಗ್ಯತೆ ತೋರಿಸಬೇಕು.

ಆ ನಾಲ್ಕನೇ ತರಗತಿಯ ವರ್ಷ ನಮ್ಮ ಮನೆಯ ಊಟದ ಮೇಜಿನ ಮೇಲೆ ಬೇರೆ ಮಾತೇ ಇರಲಿಲ್ಲ. ಆಟದ ಮೈದಾನದಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಸರಾಸರಿ ಎಷ್ಟೆಂದು ಕೇಳುತ್ತಿದ್ದರು. ಜರ್ಮನ್ ಅಮ್ಮಂದಿರು ಮಧ್ಯಾಹ್ನವೆಲ್ಲ ಮಕ್ಕಳ ಜೊತೆ ಕೂತು ವ್ಯಾಕರಣ ತಿದ್ದುತ್ತಿದ್ದರು. ಆ ವ್ಯಾಕರಣವನ್ನು ನಾನೇ ಸಂಜೆ ಕ್ಲಾಸಿನಲ್ಲಿ ಕಲಿಯುತ್ತಿದ್ದೆ. ಶಾಲೆ ಮಧ್ಯಾಹ್ನವೇ ಬಿಡುವುದರಿಂದ ಮಿಕ್ಕ ಕಲಿಕೆ ಮನೆಯ ಪಾಲಿಗೆ ಬರುತ್ತದೆ. ಆ ಭಾಷೆ ಬಲ್ಲವರು, ಮಧ್ಯಾಹ್ನ ಮನೆಯಲ್ಲಿರುವವರು ಇರುವ ಮನೆಗೂ ಇಲ್ಲದ ಮನೆಗೂ ಅಂತರ ಅಲ್ಲಿಂದಲೇ ಶುರು. (ಒಂದನೇ ತರಗತಿಯಿಂದ ಆರಂಭಿಸಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇಡೀ ದಿನದ ಆರೈಕೆಯನ್ನು ಕಾನೂನಿನ ಹಕ್ಕಾಗಿಸುವ ಕೆಲಸ 2026ರ ಆಗಸ್ಟ್‌ನಿಂದ ಎಂದು ಗೊತ್ತುಮಾಡಿದ್ದಾರೆ. ನಮಗೆ ಆ ಅನುಕೂಲ ಇರಲಿಲ್ಲ.)

ಮಗಳಿಗೆ ಗಣಿತದಲ್ಲಿ 2, ಉಳಿದೆರಡರಲ್ಲಿ 3. ಸರಾಸರಿ 2.66. ಒಂದನೇ ತರಗತಿಯಿಂದ ಜರ್ಮನ್ ಶಾಲೆಯಲ್ಲಿ ಓದದ, ಮನೆಮಾತು ಬೇರೆಯಾದ ಮಕ್ಕಳಿಗೆ ಒಂದು ವಿನಾಯಿತಿ ಇದೆ. ಕೊರತೆ ಭಾಷೆಯದಷ್ಟೇ, ಮುಂದೆ ಸರಿಹೋಗುತ್ತದೆ ಎಂದು ಶಿಕ್ಷಕರು ಒಪ್ಪಿದರೆ 3.33ರ ತನಕ ಮೇಲಿನ ಶಾಲೆಗೆ ಕಳಿಸಬಹುದು. ಒಪ್ಪುವುದು ಬಿಡುವುದು ಅವರ ವಿವೇಚನೆ. ಅವಳ ಟೀಚರ್ ಮಕ್ಕಳನ್ನು ನಿಜವಾಗಿ ಪ್ರೀತಿಸುತ್ತಿದ್ದವರು. ಮಗುವಿಗೆ ಹೊರೆಯಾಗುವುದು ಬೇಡ, ರೆಆಲ್‌ಶೂಲೆಯೇ ಸರಿ ಎಂದರು. ಆ ಶಾಲೆಯೂ ಚೆನ್ನಾಗಿತ್ತು, ಅಲ್ಲಿಂದ ಮುಂದೆ ವಿಶ್ವವಿದ್ಯಾಲಯಕ್ಕೆ ಸುತ್ತುದಾರಿಯೂ ಇದೆ. ಆದರೂ ಗಿಮ್ನಾಜಿಯುಮ್ ಬಗ್ಗೆ ‘ನಾನು ಆ ಶಾಲೆಯವಳಲ್ಲ’ ಎಂಬ ಮಾತು ಹತ್ತು ವರ್ಷದ ಮಗುವಿನ ಬಾಯಿಂದ ಬಂದಾಗ ನನಗೆ ತಡೆದುಕೊಳ್ಳಲಾಗಲಿಲ್ಲ.

ಫಿನ್‌ಲ್ಯಾಂಡಿನಲ್ಲಿ ಅದೇ ಮಗು ಮೊದಲು ಭಾಷೆಗಾಗಿಯೇ ಇರುವ ಪೂರ್ವಸಿದ್ಧತಾ ತರಗತಿಗೆ ಸೇರಿದಳು. ಆಮೇಲೆ ಎಲ್ಲರೊಂದಿಗೆ. ಎಲ್ಲರೊಂದಿಗೆ ಎಂದರೆ ನಿಜವಾಗಿಯೂ ಎಲ್ಲರೂ: ವೈದ್ಯರ ಮಗ, ಬಸ್ ಡ್ರೈವರ್ ಮಗಳು, ಸೊಮಾಲಿಯಾದಿಂದ ಬಂದ ಹುಡುಗ. ಒಂದರಿಂದ ಒಂಬತ್ತನೇ ತರಗತಿಯವರೆಗೆ ಒಂದೇ ಬಗೆಯ ಶಾಲೆ. ದಾರಿ ಕವಲೊಡೆಯುವುದು ಹದಿನಾರರ ಹೊತ್ತಿಗೆ. ದೇಶಕ್ಕೆಲ್ಲ ಒಂದೇ ಎಂಬ ಪಬ್ಲಿಕ್ ಪರೀಕ್ಷೆ ಇರುವುದು ಲುಕಿಯೋ, ಅಂದರೆ ನಮ್ಮ ಪಿಯುಸಿಯಂಥ ಹಂತದ ಕೊನೆಗೆ ಮಾತ್ರ. ಬಿಸಿಯೂಟ 1948ರಿಂದ ಎಲ್ಲರಿಗೂ ಉಚಿತ. ಪಾಠ 45 ನಿಮಿಷ, ಆಮೇಲೆ 15 ನಿಮಿಷ ಹೊರಗೆ ಆಟ, ಹಿಮ ಬೀಳುತ್ತಿದ್ದರೂ. ಮಗನಿಗೆ ವಾರದ ಅತಿ ಇಷ್ಟದ ಪಾಠ ಗರಗಸ ಹಿಡಿಯುವ ಮರಗೆಲಸ.

ಈ ಒಂದೇ ಶಾಲೆ ಅವರಿಗೂ ಹುಟ್ಟಿನಿಂದ ಬಂದದ್ದಲ್ಲ. ಫಿನ್‌ಲ್ಯಾಂಡಿನಲ್ಲೂ ಮೊದಲು ಹನ್ನೊಂದರ ಆಸುಪಾಸಿಗೇ ಮಕ್ಕಳನ್ನು ಎರಡು ದಾರಿಗೆ ಬಿಡುತ್ತಿದ್ದರು, ಬವೇರಿಯಾದಂತೆಯೇ. 1972ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡಿನಿಂದ ಶುರುಮಾಡಿ 1977ರ ಹೊತ್ತಿಗೆ ಹೆಲ್ಸಿಂಕಿ ಪ್ರದೇಶದವರೆಗೆ ಹೊಸ ಪದ್ಧತಿ ತಂದರು. ಒಂದೊಂದು ಪ್ರದೇಶಕ್ಕೆ ಒಂದೊಂದು ವರ್ಷ ಬಂದದ್ದರಿಂದ ಹಳತು ಹೊಸತನ್ನು ಅಕ್ಕಪಕ್ಕ ಇಟ್ಟು ಅಳೆಯಲು ಸಂಶೋಧಕರಿಗೆ ಸಾಧ್ಯವಾಯಿತು. ತಂದೆಯ ಆದಾಯಕ್ಕೂ ಮಗನ ಆದಾಯಕ್ಕೂ ಇರುವ ನಂಟು ಈ ಸುಧಾರಣೆಯಿಂದ ಶೇ. 23ರಷ್ಟು ಸಡಿಲವಾಯಿತು ಎಂದು ಪೆಕ್ಕರಿನೆನ್, ಊಸಿತಾಲೊ, ಕೆರ್ 2009ರಲ್ಲಿ ತೋರಿಸಿದರು. ಅದಕ್ಕೂ ಮೊದಲು, 2006ರಲ್ಲಿ, ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ ಅವರೊಂದಿಗೆ ಹಲವು ದೇಶಗಳನ್ನು ಹೋಲಿಸಿ, ಬೇಗ ವಿಂಗಡಿಸಿದರೆ ಮಕ್ಕಳ ನಡುವಿನ ಅಂತರ ಹೆಚ್ಚುತ್ತದೆ ಎಂದು ಬರೆದ ಲುಡ್ಗರ್ ವ್ಯೋಸ್ಮಾನ್ ಕೆಲಸ ಮಾಡುವುದು ಮ್ಯೂನಿಕ್ಕಿನಲ್ಲೇ. ಗೊತ್ತಿದ್ದೂ ಬದಲಾಯಿಸುವುದು ಕಷ್ಟ. ಹ್ಯಾಂಬರ್ಗ್ ನಗರ ಪ್ರಾಥಮಿಕ ಶಾಲೆಯನ್ನು ಆರು ವರ್ಷಕ್ಕೆ ವಿಸ್ತರಿಸಲು ಹೊರಟಾಗ 2010ರ ಜುಲೈನಲ್ಲಿ ಮತದಾರರೇ ಬೇಡವೆಂದರು.

ಫಿನ್‌ಲ್ಯಾಂಡಿನ ಬಗ್ಗೆ ನಮ್ಮಲ್ಲಿ ಓಡಾಡುವ ಹೊಗಳಿಕೆಯಲ್ಲಿ ಅರ್ಧ ಹಳೆಯದು. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಪಿಸಾ ಪರೀಕ್ಷೆಯ ಗಣಿತದಲ್ಲಿ 2006ರಲ್ಲಿ 548 ಇದ್ದದ್ದು 2022ರಲ್ಲಿ 484ಕ್ಕೆ ಇಳಿದಿದೆ. ಅದೇ ವರ್ಷ ಜರ್ಮನಿಗೆ 475. ಅಂತರ ಅಷ್ಟೇ. ಗಣಿತದಲ್ಲಿ ಚುರುಕಾದ ಮಗು ಕ್ಲಾಸಿನಲ್ಲಿ ಸುಮ್ಮನೆ ಕೂರುತ್ತದೆ. ಮಗನಿಗೆ ಮಗ್ಗಿ ಹೇಳಿಕೊಟ್ಟದ್ದು ವಿಡಿಯೋ ಕಾಲ್‌ನಲ್ಲಿ ಅವನ ಅಜ್ಜಿ, ಶಾಲೆಯಲ್ಲ. ವಲಸೆ ಬಂದ ಮಕ್ಕಳಿಗೂ ಸ್ಥಳೀಯ ಮಕ್ಕಳಿಗೂ ನಡುವಿನ ಅಂತರ ಅಲ್ಲಿ ದೊಡ್ಡದು, ಅದು ನನ್ನನ್ನು ಕಾಡುತ್ತದೆ. ಜೊತೆಗೆ ಸಂಗೀತ, ಗಣಿತ, ಕ್ರೀಡೆಗೆ ಒತ್ತು ಕೊಡುವ ವಿಶೇಷ ತರಗತಿಗಳಿಗೆ ಪ್ರವೇಶ ಪರೀಕ್ಷೆ ಇದೆ. ಓದಿದ ಅಪ್ಪ ಅಮ್ಮ ಅದರ ಕಡೆಗೇ ಓಡುತ್ತಾರೆ. ವಿಂಗಡಣೆ ಅಲ್ಲಿ ಹಿಂಬಾಗಿಲಿನಿಂದ ಇಣುಕುತ್ತಿದೆ. ಕನ್ನಡಕ್ಕೆ ಬಂದರೆ, ಬೇಕಾದಷ್ಟು ಮಕ್ಕಳೂ ಶಿಕ್ಷಕರೂ ಸಿಕ್ಕರೆ ಮನೆಮಾತಿಗೆ ವಾರಕ್ಕೆ ಎರಡು ಪಾಠ ನಡೆಸುವ ವ್ಯವಸ್ಥೆ ಇದೆ. ನಮಗೆ ಅದು ಕೂಡಿಬಂದಿಲ್ಲ. ಭಾನುವಾರದ ಆನ್‌ಲೈನ್ ಕ್ಲಾಸೇ ಗತಿ.

ಆದರೂ ನನ್ನ ಆಯ್ಕೆ ಎಸ್ಪೋ. ಹೊಸ ಭಾಷೆಗೆ ಬಂದು ಬಿದ್ದ ಮಗುವಿಗೆ ಬೇಕಾದ್ದು ಸಮಯ, ಅದನ್ನು ಧಾರಾಳವಾಗಿ ಕೊಟ್ಟದ್ದು ಆ ಶಾಲೆ. ಮ್ಯೂನಿಕ್ಕಿನಲ್ಲಿ ಮಗಳಿಗೆ ಎರಡು ವರ್ಷದೊಳಗೆ ತೀರ್ಪು ಬಂದಿತ್ತು.

ಹೊರಡುವವರಿಗೆ ನಾನು ಹೇಳುವುದು ಮಗುವಿನ ವಯಸ್ಸು ನೋಡಿಕೊಂಡು. ಆರೇಳು ವರ್ಷದೊಳಗಿನ ಮಗುವಾದರೆ ಬವೇರಿಯಾಕ್ಕೂ ಧೈರ್ಯವಾಗಿ ಹೋಗಿ. ಎಂಟು ಒಂಬತ್ತಾಗಿದ್ದರೆ, ಕಂಪನಿ ಒಪ್ಪುವುದಾದರೆ, ಬರ್ಲಿನ್ ಕೇಳಿ. ಅಲ್ಲಿ ಪ್ರಾಥಮಿಕ ಶಾಲೆ ಆರು ವರ್ಷ. ಹದಿನಾಲ್ಕು ಹದಿನೈದರಲ್ಲಿ ಫಿನ್‌ಲ್ಯಾಂಡಿಗೆ ಬಂದರೆ ಫಿನ್ನಿಷ್ ಕೈಗೆ ಹತ್ತುವಷ್ಟರಲ್ಲಿ ಮುಂದಿನ ಓದಿನ ಅರ್ಜಿಯ ಗಡುವು ಬಂದಿರುತ್ತದೆ. ಊರಿಗೆ ಮರಳುವ ಯೋಚನೆ ಇದ್ದರೆ ಸಿಬಿಎಸ್‌ಇ ಹತ್ತನೇ ತರಗತಿಯ ನೋಂದಣಿ ಒಂಬತ್ತರಲ್ಲೇ ಆಗುತ್ತದೆ, ಅದಕ್ಕಿಂತ ತಡ ಮಾಡಬೇಡಿ.

ಮಗಳು ಈಗ ಒಂಬತ್ತನೇ ತರಗತಿ. ಲುಕಿಯೋ ಸೇರುವುದೋ ವೃತ್ತಿ ಶಿಕ್ಷಣದ ಶಾಲೆಯೋ ಎಂದು ಶಾಲೆಯ ಮಾರ್ಗದರ್ಶಕರ ಜೊತೆ ಕೂತು ಅವಳೇ ಪಟ್ಟಿ ಮಾಡುತ್ತಿದ್ದಾಳೆ. ಎರಡರಿಂದಲೂ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬಹುದು. ಮೊದಲ ಸಾಲಿನಲ್ಲಿ ಲುಕಿಯೋ ಬರೆದಿದ್ದಾಳೆ, ಎರಡನೆಯದರಲ್ಲಿ ಎಲೆಕ್ಟ್ರಿಕಲ್.