ರ‍್ಯಾಮ್ ಹಾಕಿಸಬೇಕಾ, ಎಸ್‌ಎಸ್‌ಡಿನಾ? ವಿಂಡೋಸ್ ಟೂಲ್‌ಗಳಲ್ಲಿ ನನಗೆ ನೆರವಾಗಿದ್ದು ಯಾವುದು

ಹಳೆ ಡೆಸ್ಕ್‌ಟಾಪ್‌ಗೆ ದುಡ್ಡು ಹಾಕುವ ಮೊದಲು ವಿಂಡೋಸ್‌ನಲ್ಲೇ ಇರುವ ರಿಸೋರ್ಸ್ ಮಾನಿಟರ್ (ಯಾವ ಪ್ರೋಗ್ರಾಂ ರ‍್ಯಾಮ್, ಡಿಸ್ಕ್ ಎಷ್ಟು ಬಳಸುತ್ತಿದೆ ಅಂತ ತೋರಿಸುವ ಟೂಲ್) ತೆರೆದು ನೋಡಿ. ನಾನು ಸರಿಯಾದ ಭಾಗ ಕೊಂಡಿದ್ದು ಅದರಿಂದಲೇ. ನಮ್ಮದು ವಿಂಡೋಸ್ 10, 8 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಆನ್ ಮಾಡಿ ಎಷ್ಟೋ ಹೊತ್ತಾದರೂ ಬ್ರೌಸರ್ ತೆರೆಯುತ್ತಿರಲಿಲ್ಲ. ರ‍್ಯಾಮ್ ಜಾಸ್ತಿ ಮಾಡಿಸಿ ಅಂತ ಅಂಗಡಿಯವರು ಹೇಳಿದರು.

ಟಾಸ್ಕ್ ಮ್ಯಾನೇಜರ್ ಬೇಗ ತೆರೆಯುತ್ತದೆ: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದರೆ ಆಯಿತು. ರ‍್ಯಾಮ್‌ನ ಎಷ್ಟು ಸ್ಲಾಟ್ ತುಂಬಿವೆ ಅನ್ನೋದೂ ಅಲ್ಲೇ ಸಿಗುತ್ತದೆ. ಆದರೆ 'ಡಿಸ್ಕ್ 100%' ಅಂತ ತೋರಿಸಿದರೂ ಯಾವ ಫೈಲ್‌ನಿಂದ ಹಾಗಾಗುತ್ತಿದೆ ಅಂತ ಹೇಳುವುದಿಲ್ಲ. ನನಗೆ ತಲೆನೋವಾಗಿದ್ದು ಇದೇ.

100% ಅಂದರೆ ಡಿಸ್ಕ್ ಪೂರ್ತಿ ವೇಗದಲ್ಲಿ ಓಡುತ್ತಿದೆ ಅಂತಲ್ಲ, ಅದಕ್ಕೆ ಬಿಡುವಿಲ್ಲ ಅಂತ ಅಷ್ಟೇ. ಕೆಳಗೆ ನೋಡಿದರೆ ಓದುವ ವೇಗ ಸೆಕೆಂಡಿಗೆ 2 ಎಂಬಿ ಕೂಡ ಇರುತ್ತಿರಲಿಲ್ಲ! ರ‍್ಯಾಮ್ ಸಾಲದೆ ವಿಂಡೋಸ್ ಪೇಜ್‌ಫೈಲ್‌ಗೆ (ರ‍್ಯಾಮ್ ಬದಲಿಗೆ ಬಳಸುವ, ಡಿಸ್ಕ್ ಮೇಲಿನ ಫೈಲ್) ಬರೆಯುತ್ತಿದ್ದರೂ 100%, ಡಿಸ್ಕೇ ನಿಧಾನವಾಗಿದ್ದರೂ 100%. ಹಾಗಿದ್ದರೆ ಯಾವುದನ್ನು ಕೊಳ್ಳೋದು?

ಇದಕ್ಕೆ ಉತ್ತರ ರಿಸೋರ್ಸ್ ಮಾನಿಟರ್‌ನ ಡಿಸ್ಕ್ ಟ್ಯಾಬ್‌ನಲ್ಲಿತ್ತು. ಯಾವ ಪ್ರೋಗ್ರಾಂ ಯಾವ ಫೈಲ್ ಓದುತ್ತಿದೆ ಅಂತ ಸಾಲುಸಾಲಾಗಿ ಬರುತ್ತದೆ. ಪಕ್ಕದಲ್ಲೇ ರೆಸ್ಪಾನ್ಸ್ ಟೈಮ್, ಅಂದರೆ ಕೇಳಿದ್ದಕ್ಕೆ ಡಿಸ್ಕ್ ಉತ್ತರಿಸಲು ಹಿಡಿಯುವ ಸಮಯ, ಇದೆ. ನಮ್ಮದರಲ್ಲಿ ಆ್ಯಂಟಿವೈರಸ್, ಸರ್ಚ್ ಇಂಡೆಕ್ಸ್, ಅಪ್‌ಡೇಟ್ ಮೂರೂ ಒಟ್ಟಿಗೆ ಮುಗಿಬಿದ್ದಿದ್ದವು. ರೆಸ್ಪಾನ್ಸ್ ಟೈಮ್ 500 ಮಿಲಿಸೆಕೆಂಡ್ ದಾಟುತ್ತಿತ್ತು. ಪೇಜ್‌ಫೈಲ್ ಅಪರೂಪಕ್ಕೊಮ್ಮೆ ಇಣುಕುತ್ತಿತ್ತು. ಮೆಮೊರಿ ಟ್ಯಾಬ್‌ನಲ್ಲೂ ಇನ್ನೂ ಜಾಗ ಉಳಿದಿತ್ತು. ಅಂದರೆ ತೊಂದರೆ ರ‍್ಯಾಮ್‌ನದಲ್ಲ, ನಿಧಾನವಾದ ಡಿಸ್ಕ್‌ನದು.

ವಿಂಡೋಸ್‌ನ ಉಳಿದ ಟೂಲ್‌ಗಳ ಪೈಕಿ ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ಬೇಕಾದ ಕೌಂಟರ್ (ಏನನ್ನು ಅಳೆಯಬೇಕು ಅನ್ನೋದು) ಆರಿಸಿಕೊಳ್ಳೋದೇ ಒಂದು ಕೆಲಸ. ಅದರ ಸಿಸ್ಟಂ ಡಯಾಗ್ನೋಸ್ಟಿಕ್ಸ್ ವರದಿ 60 ಸೆಕೆಂಡಿನಲ್ಲಿ ತಯಾರಾಗುತ್ತದೆ, ಆದರೆ ಅಡ್ಮಿನ್ ಅನುಮತಿ ಬೇಕು. ವಿನ್‌ಸ್ಯಾಟ್ ಅನ್ನೋ ಟೂಲ್ ಕಂಪ್ಯೂಟರಿನ ಒಂದೊಂದು ಭಾಗಕ್ಕೂ ವೇಗದ ಅಂಕ ಕೊಡುತ್ತದೆ. ವಿಂಡೋಸ್ 8.1ರಿಂದ ಆ ಅಂಕ ತೋರಿಸುವ ಪುಟವನ್ನೇ ತೆಗೆದಿದ್ದಾರೆ, ಕಮಾಂಡ್ ಕೊಟ್ಟು ಹುಡುಕಬೇಕು. ಯಾವ ಭಾಗದ ಅಂಕ ಎಲ್ಲಕ್ಕಿಂತ ಕಡಿಮೆಯೋ ಅದೇ ಒಟ್ಟು ಅಂಕ.

ನನ್ನ ಬಜೆಟ್‌ನಲ್ಲಿ ಎರಡರಲ್ಲಿ ಒಂದೇ ಸಾಧ್ಯವಿತ್ತು, ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಬೇಗ ಓದುವ ಡಿಸ್ಕ್) ತಂದೆ. ಈಗ ರೆಸ್ಪಾನ್ಸ್ ಟೈಮ್ ಹೆಚ್ಚಾಗಿ 1 ಮಿಲಿಸೆಕೆಂಡ್ ಆಸುಪಾಸು. ನನ್ನ ಕೆಲಸವೆಲ್ಲ ಕನ್ನಡ ಟೈಪಿಂಗ್, ಲೆಕ್ಕಪತ್ರ, ಬ್ರೌಸರ್, ಅದಕ್ಕೆ 8 ಜಿಬಿ ಧಾರಾಳ. ನೀವು ವಿಡಿಯೊ ಎಡಿಟ್ ಮಾಡುವವರಾದರೆ, ಕೆಲಸದ ನಡುವೆ ಅದೇ ಡಿಸ್ಕ್ ಟ್ಯಾಬ್ ತೆರೆದಿಡಿ. ಪೇಜ್‌ಫೈಲ್ ಮತ್ತೆ ಮತ್ತೆ ಮೇಲೆ ಬರುತ್ತಿದ್ದರೆ ರ‍್ಯಾಮ್ ಹಾಕಿಸಿ.