ಕಲಬುರಗಿಯ ಬಿಸಿಲು ಮತ್ತು ಮೂರು ಪುಟ್ಟ ನಾಯಿಗಳು: ಪಗ್, ಶಿ ಟ್ಜು, ಸ್ಪಿಟ್ಜ್

ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿರುವುದು ಇಂಡಿಯನ್ ಸ್ಪಿಟ್ಜ್. ನಮ್ಮ ಊರಿನ ಬಿಸಿಲಿಗೆ, ನನ್ನ ಸಂಬಳಕ್ಕೆ, ದಿನಚರಿಗೆ ಇದಕ್ಕಿಂತ ಒಪ್ಪುವ ಸಣ್ಣ ನಾಯಿಯನ್ನು ನಾನು ಕಾಣೆ. ಇದಕ್ಕೂ ಮೊದಲು ಒಂದು ಪಗ್ ಸಾಕಿ ಕಳೆದುಕೊಂಡಿದ್ದೇನೆ. ಮೈಸೂರಿನ ತಂಗಿ ಹೆರಿಗೆಗೆಂದು ತವರಿಗೆ ಬಂದಾಗ ಜೊತೆಗೆ ತಂದಿದ್ದ ಶಿ ಟ್ಜುವನ್ನು ಏಳು ತಿಂಗಳು ನೋಡಿಕೊಂಡಿದ್ದೇನೆ.

ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಬೆನ್ನ ಹಿಂದೆಯೇ ನಡೆಯುತ್ತಿದ್ದ ಪಗ್ ಅನ್ನು ಕಂಡ ದಿನದಿಂದ ನನಗೆ ಅದೇ ನಾಯಿ ಬೇಕೆಂಬ ಆಸೆಯಿತ್ತು. ಗುಣದಲ್ಲಿ ನಮ್ಮ ಚಿನ್ನು ನಿಜಕ್ಕೂ ಚಿನ್ನವೇ. ಮಕ್ಕಳು ಕಿವಿ ಹಿಡಿದೆಳೆದರೂ ಗುರುಗುಟ್ಟುತ್ತಿರಲಿಲ್ಲ. ತೊಂದರೆಯಿದ್ದದ್ದು ಅವನ ಮೂತಿಯ ರಚನೆಯಲ್ಲಿ. ನಾಯಿಗಳು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುತ್ತಾ, ಬಾಯಿ ಮೂಗಿನ ತೇವ ಆರುವುದರಿಂದಲೇ ಮೈಯನ್ನು ತಂಪಾಗಿಸಿಕೊಳ್ಳುತ್ತವೆ. ಪಗ್‌ನ ಮೂತಿಯ ಎಲುಬು ಗಿಡ್ಡವಾಗಿದ್ದರೂ ಒಳಗಿನ ಮೆದು ಅಂಗುಳ ಅದಕ್ಕೆ ತಕ್ಕಂತೆ ಕಿರಿದಾಗದೆ ಗಂಟಲಿಗೆ ಅಡ್ಡ ಬರುತ್ತದೆ, ಹೊಳ್ಳೆಗಳೂ ಸೀಳಿನಂತಿರುತ್ತವೆ. ಹೀಗಾಗಿ ತೇಕಿದಷ್ಟೂ ಗಂಟಲು ಊದಿಕೊಂಡು ಉಸಿರು ಇನ್ನಷ್ಟು ಕಟ್ಟುತ್ತದೆ. ಅವನ ಗೊರಕೆಯನ್ನು ಮುದ್ದೆಂದು ನಾವು ಎರಡು ವರ್ಷ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡೆವು. ಅದು ಉಸಿರಾಟದ ತೊಂದರೆಯ ಲಕ್ಷಣವೆಂದು ನಮಗೆ ತಿಳಿದಿರಲಿಲ್ಲ. ಮಾರಿದವರು ಫ್ಯಾನ್ ಇದ್ದರೆ ಸಾಕು ಎಂದಿದ್ದರು.

ಮೂರನೆಯ ಬೇಸಿಗೆಯ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆ ವಿದ್ಯುತ್ ಹೋಯಿತು. ಕೂಲರ್ ನಿಂತ ಅರ್ಧ ಗಂಟೆಯಲ್ಲೇ ಅವನ ನಾಲಿಗೆ ನೀಲಿಗಟ್ಟಿ, ಕಾಲು ಸೋತು ಬಿದ್ದುಬಿಟ್ಟ. ನಾನು ಗಾಬರಿಯಲ್ಲಿ ಒಣಮೈಯಲ್ಲೇ ಎತ್ತಿಕೊಂಡು ಆಟೋ ಹತ್ತಿದೆ. ನಾಯಿಯ ಸಹಜ ಉಷ್ಣತೆ 38ರಿಂದ 39 ಡಿಗ್ರಿ; ಆಸ್ಪತ್ರೆಯಲ್ಲಿ ಅಳೆದಾಗ 42 ದಾಟಿತ್ತು. ಮೊದಲು ಮೈತುಂಬ ನಲ್ಲಿನೀರು ಸುರಿದು, ಗಾಳಿ ಬೀಸಿ ತಣಿಸಿ, ಆಮೇಲೆ ಹೊರಡಬೇಕಿತ್ತು ಎಂದು ವೈದ್ಯರು ಹೇಳಿದಾಗ ಕಾಲ ಮಿಂಚಿತ್ತು. ಇಷ್ಟನ್ನು ಬರೆಯುತ್ತಿರುವುದು ಈ ಒಂದು ಮಾತಿಗಾಗಿಯೇ.

ಶಿ ಟ್ಜು ಬೊಗಳುವುದು ಕಡಿಮೆ, ಅಪಾರ್ಟ್‌ಮೆಂಟಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅದರ ಕೂದಲು ಬೆಳೆಯುತ್ತಲೇ ಇರುತ್ತದೆ. ಎರಡು ದಿನ ಬಾಚದಿದ್ದರೆ ಕಿವಿಯ ಹಿಂದೆ ಜಡೆಗಟ್ಟುತ್ತದೆ. ತಿಂಗಳಿಗೊಮ್ಮೆ ಕತ್ತರಿಸಲು 1,200 ರೂಪಾಯಿ ಕೊಡುತ್ತಿದ್ದೆ. ಉಬ್ಬಿದ ಕಣ್ಣಿಗೆ ಕೂದಲು ತಾಗಿ ಹುಣ್ಣಾಗದಂತೆ ದಿನವೂ ಒದ್ದೆ ಹತ್ತಿಯಿಂದ ಒರೆಸಬೇಕು. ಮೂತಿ ಇದಕ್ಕೂ ಗಿಡ್ಡವೇ. ಸಂಜೆ ಏಳಕ್ಕೆ ಕೆಲಸದಿಂದ ಮರಳುವ ನನ್ನಂಥವರಿಗೆ ಈ ಉಪಚಾರ ಹೊರೆಯಾಗುತ್ತದೆ.

ನಮ್ಮಲ್ಲಿ ಪಾಮೆರೇನಿಯನ್ ಎಂದು ಮಾರುವುದರಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ನಿಜವಾದ ಪಾಮೆರೇನಿಯನ್ ಮೂರೂವರೆ ಕಿಲೋ ಮೀರುವುದು ಅಪರೂಪ. ನಮ್ಮ ಮಲ್ಲಿಗೆ ಆರು ಕಿಲೋ ಇದ್ದಾಳೆ. ಉದ್ದ ಮೂತಿಯಿರುವುದರಿಂದ ಸಲೀಸಾಗಿ ತೇಕುತ್ತಾಳೆ, ಬೇಸಿಗೆಯಲ್ಲಿ ತಣ್ಣನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಹೊಟ್ಟೆ ಊರಿ ಮಲಗುತ್ತಾಳೆ. ವಾರಕ್ಕೆರಡು ಸಲ ಬಾಚಿದರೆ ಸಾಕು. ಬಿಸಿಲೆಂದು ಕೂದಲನ್ನು ಬೋಳಿಸಬಾರದು, ಆ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದರೆ ಕೆಲವೊಮ್ಮೆ ಮೊದಲಿನಂತೆ ಬೆಳೆಯುವುದೇ ಇಲ್ಲ. ಗೇಟಿನ ಬಳಿ ಯಾರು ಸುಳಿದರೂ ಬೊಗಳುತ್ತಾಳೆ, ಅದು ನಿಜ.

ಅವಳಲ್ಲಿ ನನಗೆ ಆತಂಕವಿರುವುದು ರಕ್ತ ಹೀರುವ ಉಣ್ಣೆಹುಳಗಳ ಬಗ್ಗೆ ಮಾತ್ರ. ದಟ್ಟ ಕೂದಲಲ್ಲಿ ಅವು ಕಾಣುವುದಿಲ್ಲವಾದ್ದರಿಂದ ಪ್ರತಿ ರಾತ್ರಿ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕೈಯಾಡಿಸಿ ನೋಡುತ್ತೇನೆ. ಒಮ್ಮೆ ಊಟ ಬಿಟ್ಟು, ಒಸಡು ಬಿಳಿಚಿಕೊಂಡಾಗ ರಕ್ತಪರೀಕ್ಷೆಯಲ್ಲಿ ಉಣ್ಣೆ ಜ್ವರವೆಂದು ತಿಳಿಯಿತು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಟ್ಟ ಮೇಲೆ ಚೇತರಿಸಿಕೊಂಡಳು. ಊಟಕ್ಕೆ ಬೇಯಿಸಿದ ಕೋಳಿ, ಅನ್ನ, ಅಷ್ಟಿಷ್ಟು ಜೋಳದ ರೊಟ್ಟಿ. ಉಳ್ಳಾಗಡ್ಡಿ ಹಾಕಿದ ಪಲ್ಯವನ್ನೂ ವಿಜಯಪುರದ ದ್ರಾಕ್ಷಿಯನ್ನೂ ಅವಳಿಗೆ ಎಟುಕದಂತೆ ಇಡುತ್ತೇವೆ, ಎರಡೂ ನಾಯಿಗೆ ವಿಷ.

ಇಷ್ಟಾದರೂ ಪಗ್ ಮೇಲೆಯೇ ಮನಸ್ಸಿರುವವರು ಅಗಲವಾಗಿ ತೆರೆದ ಹೊಳ್ಳೆಗಳಿರುವ ಮರಿಯನ್ನೇ ಆರಿಸಬೇಕು, ತಾಯಿನಾಯಿಯನ್ನು ಹತ್ತು ನಿಮಿಷ ನಡೆಸಿ ಅದರ ಉಸಿರಿನ ಸದ್ದು ಕೇಳಬೇಕು, ಮರಿಯನ್ನು ತರುವ ಮೊದಲೇ ಮನೆಗೆ ಕೂಲರನ್ನೂ ಎಳೆಯಬಲ್ಲ ಇನ್ವರ್ಟರ್ ತರಬೇಕು.