ಇಳಕಲ್‌ನ ಕೆಂಪು ಕಲ್ಲು: ಮೂರು ತಲೆಮಾರಿನ ಗ್ರಾನೈಟ್ ಕಾರ್ಖಾನೆಯಲ್ಲಿ ಖರೀದಿ

ಬಾಗಲಕೋಟೆಯ ನವನಗರದಲ್ಲಿ ಕಟ್ಟಿಸುತ್ತಿರುವ ನಮ್ಮ ಮನೆಯ ಮೆಟ್ಟಿಲು, ಹೊಸ್ತಿಲು ಮತ್ತು ಅಡುಗೆಕಟ್ಟೆಗೆ ಬೇಕಾದ ಕಲ್ಲನ್ನು ಇಳಕಲ್‌ನ ಒಂದು ಕಾರ್ಖಾನೆಯಿಂದ ತಂದೆವು. ನಮ್ಮ ಬಡಾವಣೆಯ ಹತ್ತಿರವೇ ಮಳಿಗೆಗಳಿದ್ದರೂ ಹುನಗುಂದ ದಾಟಿ ಅಲ್ಲಿಯವರೆಗೆ ಹೋದದ್ದು, ಅಲ್ಲಿ ಕಲ್ಲು ಮಾರುವವರೇ ಕಲ್ಲು ತೆಗೆಯುವವರೂ ಹೌದು ಎಂಬ ಕಾರಣಕ್ಕೆ.

ಈಗಿನ ಮಾಲೀಕರ ಮುತ್ಯಾ ಉಳಿ, ಸುತ್ತಿಗೆಯ ಕೆಲಸಗಾರರನ್ನು ಕಟ್ಟಿಕೊಂಡು ಕಟ್ಟಡಗಳಿಗೆ ಕಲ್ಲು ಪೂರೈಸುತ್ತಿದ್ದರು. ತಂದೆ ಕ್ವಾರಿ ಗುತ್ತಿಗೆ ಪಡೆದು ದೊಡ್ಡ ಬ್ಲಾಕ್‌ಗಳನ್ನು ಹೊರಗೆ ಕಳುಹಿಸುವ ವ್ಯಾಪಾರ ಬೆಳೆಸಿದರು. ಮಗ ಮೊದಲು ಕ್ವಾರಿಯ ಮೇಲ್ವಿಚಾರಣೆ ನೋಡಿಕೊಂಡು, ಆಮೇಲೆ ವಜ್ರದ ಮಣಿ ಪೋಣಿಸಿದ ತಂತಿಗರಗಸ ತರಿಸಿ, ಬ್ಲಾಕ್ ಆಗಿಯೇ ಊರು ಬಿಡುತ್ತಿದ್ದ ಕಲ್ಲನ್ನು ಇಲ್ಲೇ ಸೀಳಿ ಪಾಲಿಶ್ ಮಾಡಿಸಲು ಆರಂಭಿಸಿದರು. ನಮ್ಮಂಥ ಸಣ್ಣ ಗಿರಾಕಿಗೆ ಕಾರ್ಖಾನೆಯ ಬಾಗಿಲು ತೆರೆದದ್ದು ಆ ನಿರ್ಧಾರದಿಂದ. ಈ ಮನೆತನದ ಮೂರು ತಲೆಮಾರಿನಲ್ಲಿ ನನಗೆ ಅದೇ ದೊಡ್ಡ ಹೆಜ್ಜೆಯಾಗಿ ಕಾಣುತ್ತದೆ.

ಆರಿಸುವ ರೀತಿಯನ್ನು ಅವರೇ ನಿಂತು ತೋರಿಸಿದರು. "ಒಣಾ ಕಲ್ಲು ನೋಡಿ ಆರಿಸಬ್ಯಾಡ್ರೀ ಸರ, ನೀರು ಹಾಕಿ ನೋಡ್ರಿ" ಎಂದು ಪಾಲಿಶ್ ಆಗದ ಒಂದು ಸ್ಲ್ಯಾಬಿನ ಮೇಲೆ ಬಕೆಟ್ ನೀರು ಸುರಿದಾಗ, ಫೆಲ್ಡ್‌ಸ್ಪಾರ್ ಖನಿಜದ ಗುಲಾಬಿ ಮಿಶ್ರಿತ ಕೆಂಪು ಎದ್ದು ಕಂಡಿತು. ಸ್ವಲ್ಪ ಹೊತ್ತಿನಲ್ಲಿ ಉಳಿದ ಭಾಗವೆಲ್ಲ ಒಣಗಿದರೂ, ಕೂದಲೆಳೆಯಷ್ಟು ಸಣ್ಣ ಬಿರುಕೊಂದು ನೀರು ಹೀರಿಕೊಂಡು ಕಪ್ಪು ಗೆರೆಯಾಗಿ ಉಳಿಯಿತು. ಆ ಸ್ಲ್ಯಾಬನ್ನು ಅವರೇ ಬದಿಗಿಡಿಸಿದರು. ರಾಳ ತುಂಬಿ ಪಾಲಿಶ್ ಮಾಡಿದ ಮೇಲೆ ಇಂಥ ಬಿರುಕು ಸುಲಭವಾಗಿ ಕಾಣುವುದಿಲ್ಲವಾದ್ದರಿಂದ, ಈ ಪ್ರಾಮಾಣಿಕತೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಒಂದೇ ಬ್ಲಾಕಿನಿಂದ ಸೀಳಿದ ಸ್ಲ್ಯಾಬ್‌ಗಳ ಅಂಚಿಗೆ ಬಣ್ಣದಲ್ಲಿ ಒಂದೇ ಸಂಖ್ಯೆ ಬರೆದಿರುತ್ತಾರೆ. ಅದನ್ನು ನೋಡಿ ಆರಿಸಿದ್ದಕ್ಕೆ ನಮ್ಮ ಮೆಟ್ಟಿಲುಗಳೆಲ್ಲ ಒಂದೇ ಛಾಯೆಯಲ್ಲಿವೆ.

ದರ ಅಗ್ಗವೇನಲ್ಲ. ಕಟ್ಟಡದ ಕಲ್ಲು, ಮರಳಿನ ಹಾಗೆ ಗ್ರಾನೈಟ್ ಕೂಡ ಕಾನೂನಿನಲ್ಲಿ ಉಪಖನಿಜವಾದ್ದರಿಂದ ಕರ್ನಾಟಕದ 1994ರ ಉಪಖನಿಜ ನಿಯಮಗಳಂತೆ ಸರ್ಕಾರಕ್ಕೆ ರಾಜಧನ (ರಾಯಲ್ಟಿ) ಕಟ್ಟಬೇಕು. ಕೇಂದ್ರದ ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಿಂದ ಬಂದ, ಗಣಿಗಾರಿಕೆಯಿಂದ ತೊಂದರೆಗೊಳಗಾದವರ ಹಿತಕ್ಕಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ವಂತಿಗೆ ಹೋಗುತ್ತದೆ. ಇದರ ಜೊತೆಗೆ ಬಿರುಕು, ಬಣ್ಣದ ವ್ಯತ್ಯಾಸಗಳಿಂದ ಕ್ವಾರಿಯಲ್ಲೇ ಬಿಟ್ಟುಬಿಡುವ ಕಲ್ಲಿನ ಖರ್ಚನ್ನೂ ಮಾರಾಟವಾಗುವ ಕಲ್ಲೇ ಹೊರಬೇಕಾಗುತ್ತದೆ.

ಬೇಸರವಾದದ್ದು ಸಾಗಾಣಿಕೆಯಲ್ಲಿ. ಹೇಳಿದ ದಿನಕ್ಕೆ ಲಾರಿ ಬರಲಿಲ್ಲ, ಬಂದಾಗ ಹೊಸ್ತಿಲ ಕಲ್ಲಿನ ಒಂದು ಮೂಲೆ ಮುರಿದಿತ್ತು. ಫೋನ್ ಮಾಡಿದ್ದಕ್ಕೆ ತಕರಾರಿಲ್ಲದೆ ಬೇರೆ ಕಲ್ಲು ಕಳುಹಿಸಿದರು. ಆದರೆ ಅಷ್ಟರಲ್ಲಿ ಗೌಂಡಿಗಳು ಬೇರೆ ಕೆಲಸ ಹಿಡಿದಿದ್ದರು. 18 ಮಿಲಿಮೀಟರ್ ದಪ್ಪದ ಕಲ್ಲು ಚದರಡಿಗೆ ಸುಮಾರು 4.5 ಕಿಲೋ ತೂಗುತ್ತದೆ. ಆದ್ದರಿಂದ ಅಲ್ಲಿಂದ ಕಲ್ಲು ತರಿಸುವವರು ಹೇರುವ, ಇಳಿಸುವ ಹಮಾಲಿ ಯಾರದು, ದಾರಿಯಲ್ಲಿ ಒಡೆದರೆ ಹೊಣೆ ಯಾರದು ಎಂಬುದನ್ನು ಮುಂಗಡ ಕೊಡುವ ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.